ಲಾಂಡ್ರಿಯ ಒಂದೇ ಕುರ್ಚಿ

ನಮ್ಮ ಲಾಂಡ್ರಿಯಲ್ಲಿ ಒಗೆದ ಚಾದರಗಳನ್ನೆಲ್ಲ ಸಾಲಾಗಿ ಹಾಸಿದರೆ ಭೂಮಿಗೆ ಎರಡು ಸುತ್ತು ಹೊದಿಸಿ, ಉಳಿದ ಬಟ್ಟೆಯಲ್ಲಿ ಚಂದ್ರನಿಗೊಂದು ದಿಂಬಿನ ಗವಸು ಹೊಲಿಸಬಹುದು. ಊರಿನ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಕೊಳೆಯೆಲ್ಲ ಬಂದು ಬೀಳುತ್ತಿದ್ದದ್ದು ನಮ್ಮಲ್ಲಿಗೇ. ಆ ಒದ್ದೆ ಬೆಟ್ಟಗಳನ್ನು ಗಾಡಿಗೆ ಹೇರಿ ತಳ್ಳುವವನು ನಾನು. ಒಮ್ಮೆ ಆನೆಯೊಂದು ನನ್ನ ಗಾಡಿಯ ಹೊರೆ ನೋಡಿ ನಾಚಿ ದಾರಿ ಬಿಟ್ಟಿತ್ತು. ನಂಬದಿದ್ದರೆ ಬಿಡಿ, ಸಾಕ್ಷಿ ಹೇಳಿಸೋಣವೆಂದರೆ ಆ ಆನೆ ಈಗ ಬದುಕಿಲ್ಲ.

ಕೋಣೆಯ ನಡುವೆ ಇಸ್ತ್ರಿ ಮಾಡುವ ದೊಡ್ಡ ರೋಲರ್ ಯಂತ್ರ. ಇಬ್ಬರು ಹೆಂಗಸರು ಆಚೀಚೆ ನಿಂತು ಒದ್ದೆ ಚಾದರದ ತುದಿ ಹಿಡಿದು ಒಳಗೆ ಬಿಡಬೇಕು, ಆಚೆ ಬದಿಯಲ್ಲಿ ಇಬ್ಬರು ಹಿಡಿದು ಮಡಚಬೇಕು. ಅದರ ಬಿಸಿ ಎಷ್ಟೆಂದರೆ, ನರಕದಿಂದ ರಜೆಯ ಮೇಲೆ ಬಂದವನೊಬ್ಬ ಒಳಗೆ ಕಾಲಿಟ್ಟು, "ಅಯ್ಯೋ, ನಮ್ಮದೇ ವಾಸಿ" ಎಂದು ವಾಪಸು ಹೋದನಂತೆ. ಮೂವತ್ತು ಜನ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಆ ಕೋಣೆಗೆ ಇದ್ದದ್ದು ಒಂದೇ ಕುರ್ಚಿ. ಅದು ಮೇಸ್ತ್ರಿಯದು.

ಆ ಕುರ್ಚಿಯಲ್ಲಿ ನನಗೆ ತಿಳಿದಂದಿನಿಂದ ಕೂತಿದ್ದವನು ಗುಡುಗುಮೇಸ್ತ್ರಿ. ಅವನು ಕೂಗಿದರೆ ಯಂತ್ರಗಳು ತಾವಾಗಿಯೇ ನಿಂತು, "ನಮಗೇನಾದರೂ ಹೇಳಿದಿರಾ?" ಎನ್ನುತ್ತಿದ್ದವು. ಅವನ ಬೈಗುಳದಲ್ಲಿ ಕತ್ತೆಯಿಂದ ಹಂದಿಯವರೆಗೆ ಎಲ್ಲ ಪ್ರಾಣಿಗಳೂ ಬರುತ್ತಿದ್ದವು, ಮನುಷ್ಯ ಮಾತ್ರ ಬರುತ್ತಿರಲಿಲ್ಲ. ಆದರೆ ಅಂಥ ಗುಡುಗನ್ನು ಹೆಂಗಸರು ಎರಡೇ ಮಾತಲ್ಲಿ ಅಡಗಿಸುತ್ತಿದ್ದರು. ಯಾರಾದರೂ ಹೋಗಿ ತಲೆ ತಗ್ಗಿಸಿ, "ಹೊಟ್ಟೆನೋವು, ಸಾರ್" ಎಂದರೆ ಸಾಕು. ಅವನ ಕಿವಿ ಕೆಂಪಾಗುತ್ತಿತ್ತು. ಕಣ್ಣು ನೆಲದ ಮೇಲೆ ಬಿದ್ದ ಅಂಗಿಗುಂಡಿ ಹುಡುಕುವಂತೆ ಓಡಾಡುತ್ತಿತ್ತು. "ಹೋಗಮ್ಮ, ಹೋಗು, ಹೋಗು" ಎಂದು ಕೈಬೀಸಿ ಬೆವರು ಒರೆಸಿಕೊಳ್ಳುತ್ತಿದ್ದ. ಯಾವ ಹೊಟ್ಟೆನೋವು, ಎಂಥ ಹೊಟ್ಟೆನೋವು ಎಂದು ಕೇಳುವ ಎದೆ ಆ ಗಂಡಸಿಗೆ ಇರಲಿಲ್ಲ. ಮಗುವಿನ ಶಾಲೆಗೆ ಹೋಗಬೇಕಾದರೂ ಹೊಟ್ಟೆನೋವು, ಅಕ್ಕಿ ತರಬೇಕಾದರೂ ಹೊಟ್ಟೆನೋವು. ರೋಲರಿನಲ್ಲಿ ಚಾದರ ಬಿಡುತ್ತಿದ್ದ ಮೆಣಸಿನಕಾಯಿ ಎಂಬವಳಿಗೆ ಒಂದೇ ತಿಂಗಳಲ್ಲಿ ಬಂದ ಹೊಟ್ಟೆನೋವುಗಳನ್ನು ಕೂಡಿಸಿದರೆ ಒಂದು ಸೈನ್ಯವೇ ನೆಲ ಹಿಡಿಯಬೇಕಿತ್ತು.

ಗುಡುಗುಮೇಸ್ತ್ರಿ ವಯಸ್ಸಾಗಿ ಮನೆಗೆ ಹೋದ. ಮಾಲೀಕರು ಕುರ್ಚಿಯನ್ನು ನಮ್ಮಕ್ಕನಿಗೆ ಕೊಟ್ಟರು.

ನಮ್ಮಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ, ಲಾಂಡ್ರಿಗೆಲ್ಲ ಅಕ್ಕ. ಮದುವೆಯಾದ ವರ್ಷದಿಂದ ರೋಲರಿನ ಮುಂದೆ ನಿಂತವಳು. ಭಾವ ತೀರಿಕೊಂಡ ಮೇಲೆ ಮನೆ ನಿಂತದ್ದೂ ಆ ಕಾಲುಗಳ ಮೇಲೆಯೇ. ಸಂಜೆ ಸೀರೆ ಮೊಣಕಾಲಿಗೆ ಎತ್ತಿಕೊಂಡು ಕಾಲಿಗೆ ಬಿಸಿನೀರು ಹೊಯ್ಯುವಾಗ ನೋಡಬೇಕು: ನರಗಳು ಹಗ್ಗ ಹೊಸೆದ ಹಾಗೆ ಉಬ್ಬಿ, ನೀಲಿಗಟ್ಟಿ, ಗಂಟುಗಂಟಾಗಿದ್ದವು. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ. "ಇನ್ನು ಕೂತು ಮಾಡೋ ಕೆಲಸ ನೋಡ್ಕೊಳ್ಳಮ್ಮ, ಇಲ್ದಿದ್ರೆ ಈ ನರ ಒಡೆದು ಹುಣ್ಣಾಗುತ್ತೆ" ಎಂದಿದ್ದರು ಡಾಕ್ಟರು. ಅಕ್ಕ ಅದನ್ನು ಲಾಂಡ್ರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದೆ ಮಂಡಿನೋವು ಎಂದು ಬಾಯಿಬಿಟ್ಟ ಮುದುಕಿಯೊಬ್ಬಳನ್ನು ಮಾಲೀಕರು, "ಆರೋಗ್ಯ ಮುಖ್ಯ ತಾಯಿ" ಎಂದು ಕೈಮುಗಿದು ಮನೆಗೆ ಕಳಿಸಿದ್ದರು, ಮತ್ತೆ ಕರೆಯಲಿಲ್ಲ. ಹೀಗಾಗಿ ಆ ಕುರ್ಚಿ ಸಿಕ್ಕ ದಿನ ಅಕ್ಕ ಮನೆಗೆ ಬಂದು ಅತ್ತಳು. ನಾನು ನಕ್ಕೆ. ಮೇಸ್ತ್ರಿಯ ತಮ್ಮ ಎಂದರೆ ಸಾಮಾನ್ಯವೇ? ಮರುದಿನದಿಂದ ನನ್ನ ಮೀಸೆ ತಾನಾಗಿಯೇ ಮೇಲೆ ತಿರುಗಿತು.

ಅಕ್ಕ ಬೈಯುತ್ತಿರಲಿಲ್ಲ. ಕೂಗುತ್ತಿರಲಿಲ್ಲ. ಚಹಾ ಬಿಸಿಯಾಗಿ ಬರುವಂತೆ ಮಾಡಿದಳು, ರೋಲರಿನ ಬಾಯಿಗೆ ಬೆರಳು ಸಿಗದಂತೆ ಮುಂದೆ ಒಂದು ಕಂಬಿ ಹಾಕಿಸಿದಳು. ನಿಜವಾಗಿ ನೋವಿದ್ದವಳು ಬಂದರೆ ತನ್ನ ಕುರ್ಚಿಯಲ್ಲಿ ಕೂರಿಸಿ ತಾನೇ ಹೋಗಿ ಚಾದರ ಹಿಡಿಯುತ್ತಿದ್ದಳು. ಇಷ್ಟಾದರೂ ಜನ ಮುಖ ಗಂಟಿಕ್ಕಿಕೊಂಡೇ ಇದ್ದರು. ಗಂಡಸರಿಗೆ ಗುಡುಗುಮೇಸ್ತ್ರಿಯ ಜೊತೆ ಹಿತ್ತಿಲಲ್ಲಿ ಬೀಡಿ ಹಚ್ಚುವ ಸುಖ ತಪ್ಪಿತ್ತು. ಹೆಂಗಸರಿಗೆ ಹೊಟ್ಟೆನೋವು ತಪ್ಪಿತ್ತು.

ಅದು ತಪ್ಪಿದ ದಿನ ನಾನು ಗಾಡಿಯ ಹತ್ತಿರವೇ ನಿಂತಿದ್ದೆ. ಮೆಣಸಿನಕಾಯಿ ಅಕ್ಕನ ಮುಂದೆ ಬಂದು ತಲೆ ತಗ್ಗಿಸಿ ನಿಂತಳು.

"ಹೊಟ್ಟೆನೋವು, ಅಕ್ಕ."

"ಯಾವ ಹೊಟ್ಟೆನೋವು?"

"ಯಾವುದು ಅಂದ್ರೆ... ಅದೇ."

"ಅದೇ ಹೋದ ವಾರ ಆಯ್ತಲ್ಲೇ? ಬಟ್ಟೆ ಒಗೆಯೋಳ ಹತ್ರ ಕೊಳೆ ಮುಚ್ಚಿಡ್ತೀಯಾ?"

ಅಕ್ಕ ನಗುತ್ತಲೇ ಹೇಳಿದ್ದು. ಆದರೆ ಆ ಕ್ಷಣಕ್ಕೇ ಯಾರೋ ರೋಲರ್ ನಿಲ್ಲಿಸಿದ್ದರು. ಮಾತು ಮೂಲೆಮೂಲೆಗೂ ಕೇಳಿತು. ಗಂಡಸರು ಹೋ ಎಂದು ನಕ್ಕರು. ನಾನಂತೂ ಛಾವಣಿಯ ತಗಡು ಹಾರುವ ಹಾಗೆ ನಕ್ಕೆ. ಮೆಣಸಿನಕಾಯಿ ಮಾತ್ರ ಹೆಸರಿಗೆ ತಕ್ಕಂತೆ ಕೆಂಪಾದಳು. ಹೋಗಿ ಚಾದರದ ತುದಿ ಹಿಡಿದಳು. ಅವತ್ತು ಅವಳ ಮಗಳು ಶಾಲೆಯ ವೇದಿಕೆಯ ಮೇಲೆ ಮೊದಲ ಸಲ ಹಾಡುವುದಿತ್ತೆಂದು ನಮಗೆ ತಿಳಿದದ್ದು ಆಮೇಲೆ.

"ಹಾಗಂತ ಬಾಯಿಬಿಟ್ಟು ಹೇಳಿದ್ರೆ ಕಳಿಸ್ತಿದ್ದೆ ಕಣೋ" ಎಂದಳು ಅಕ್ಕ ಮನೆಯಲ್ಲಿ. "ಸುಳ್ಳು ಯಾಕೆ ಹೇಳ್ಬೇಕಿತ್ತು?"

"ಎಲ್ಲರ ಎದುರಿಗೆ ನೀನು ಹಾಗೆ ಕೇಳ್ಬಾರ್ದಾಗಿತ್ತು."

"ಕೇಳ್ಬಾರ್ದಾಗಿತ್ತು" ಎಂದು ಅವಳೂ ಒಪ್ಪಿ ಕಾಲಿಗೆ ಎಣ್ಣೆ ಹಚ್ಚಿಕೊಂಡಳು.

ಒಪ್ಪಿದ್ದು ಅಡುಗೆಮನೆಯಲ್ಲಿ. ಲಾಂಡ್ರಿಗೆ ಅದು ಕೇಳಿಸಲಿಲ್ಲ. ಮೆಣಸಿನಕಾಯಿ ನಾಲ್ಕು ಜನರನ್ನು ಕಟ್ಟಿಕೊಂಡು ಮಾಲೀಕರ ಬಾಗಿಲಿಗೆ ಹೋದಳು. ಮಾಲೀಕರು ಯಾವ ತಕರಾರನ್ನೂ ಕೂತು ಕೇಳುವವರಲ್ಲ. ಒಂದು ಮಧ್ಯಾಹ್ನ ನೇರ ಬಂದು ಯಂತ್ರಗಳನ್ನೆಲ್ಲ ನಿಲ್ಲಿಸಿ, ಅಕ್ಕನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳಿದರು:

"ಮನಸ್ಸು ಬಿಚ್ಚಿ ಹೇಳಿ. ನಿಮಗೆ ಮೇಸ್ತ್ರಿಯಾಗಿ ಗಂಡಸು ಬೇಕೋ, ಹೆಂಗಸು ಬೇಕೋ?"

ಅಕ್ಕನ ಹೆಸರು ಎತ್ತಲಿಲ್ಲ. ತರಕಾರಿ ಅಂಗಡಿಯಲ್ಲಿ ಬದನೆಯೋ ಬೆಂಡೆಯೋ ಎಂದು ಕೇಳುವ ಹಾಗೆ ಕೇಳಿದರು.

"ಅಕ್ಕ ಒಳ್ಳೆಯವರೇ, ಸಾರ್" ಎಂದ ಬಾಯ್ಲರಿನವನು. "ಆದ್ರೆ ಗಂಡಸಾದ್ರೆ ಬೈದು ಮರೀತಾನೆ. ಹೆಂಗಸು ಬೈಯಲ್ಲ, ನೆನಪಿಟ್ಕೋತಾಳೆ."

"ಗಂಡಸು ಬೈದ್ರೆ, ಥೂ ಮುಂಡೇಗಂಡ ಅಂತ ಒಳಗೇ ನಾವೂ ಬೈದು ಹಗುರಾಗ್ತೀವಿ" ಎಂದಳು ಮಡಚುವವಳೊಬ್ಬಳು. "ಅಕ್ಕನ್ನ ಹೇಗೆ ಬೈಯೋದು?"

ಮೆಣಸಿನಕಾಯಿ ಗೋಡೆ ನೋಡುತ್ತ ಅಂದಳು: "ಗಂಡಸಿಗೆ ನಮ್ಮ ಬಗ್ಗೆ ಏನೂ ಗೊತ್ತಿರಲ್ಲ, ಸಾರ್. ಅದೇ ಒಳ್ಳೇದು."

ಮಾಲೀಕರು ಕೈ ಎತ್ತಲು ಹೇಳಿದರು. ಗಂಡಸು ಎಂದಾಗ ಕೈಗಳು ಬಿರುಗಾಳಿಯಂತೆ ಎದ್ದವು. ಆ ಗಾಳಿಗೆ ಒಣಗಿದ ಟವೆಲುಗಳು ಹಾರಿಹೋದವು. ಹೆಂಗಸು ಎಂದಾಗ ನಾನು ಎರಡೂ ಕೈ ಎತ್ತಿದೆ. ಕಾಲನ್ನೂ ಎತ್ತುತ್ತಿದ್ದೆ, ಬೀಳುತ್ತೇನೆಂದು ಬಿಟ್ಟೆ. ಮಾಲೀಕರು ಒಂದೇ ಎಣಿಸಿದರು. ಬೇರೆ ಇಬ್ಬರು ಎತ್ತಿದರು, ಅವರೂ ಅರ್ಧಕ್ಕೆ. ಅಕ್ಕ ಅಷ್ಟೂ ಹೊತ್ತು ಎಲ್ಲರ ಮುಖ ನೋಡುತ್ತ ನಿಂತಿದ್ದಳು. ಆಮೇಲೆ ಕುರ್ಚಿಯ ಬೆನ್ನಿಗೆ ಹಾಕಿದ್ದ ತನ್ನ ಶಾಲು ತೆಗೆದುಕೊಂಡು, ಹೋಗಿ ರೋಲರಿನ ಮುಂದೆ ಹಳೆಯ ಜಾಗದಲ್ಲಿ ನಿಂತಳು.

ಹೊಸ ಮೇಸ್ತ್ರಿ ಬಂದ. ಗಂಡಸೇ. ತೆಳ್ಳಗೆ, ಬೆಳ್ಳಗೆ, ನಗು ಇಲ್ಲ, ಸಿಟ್ಟೂ ಇಲ್ಲ. ಅವನು ಎಷ್ಟು ತಣ್ಣಗಿದ್ದನೆಂದರೆ ಪಕ್ಕದಲ್ಲಿಟ್ಟ ಚಹಾ ಮಂಜುಗಡ್ಡೆಯಾಗುತ್ತಿತ್ತು. ಅಧಿಕಾರ ವಹಿಸಿಕೊಂಡ ದಿನ ಅಕ್ಕನನ್ನು ಕರೆದು, "ಇಲ್ಲಿನ ಜನ ರಜೆಗೆ ಏನೇನು ಆಟ ಕಟ್ತಾರೆ?" ಎಂದು ಕೇಳಿದ. ಮೆಣಸಿನಕಾಯಿಯ ಕೈ ಚಾದರದ ಮೇಲೆ ಹಾಗೇ ನಿಂತಿತು.

"ಆಟ ಏನೂ ಇಲ್ಲ, ಸಾರ್. ಒಳ್ಳೇ ಜನ" ಎಂದಳು ಅಕ್ಕ.

ಮರುದಿನವೇ ಮೆಣಸಿನಕಾಯಿ ಗೆದ್ದವಳ ನಡಿಗೆಯಲ್ಲಿ ಹೋಗಿ ತಲೆ ತಗ್ಗಿಸಿದಳು. "ಹೊಟ್ಟೆನೋವು, ಸಾರ್."

ಅವನ ಕಿವಿ ಕೆಂಪಾಗಲಿಲ್ಲ. ಮೇಜಿನ ಖಾನೆ ಎಳೆದು ಒಂದು ಡಬ್ಬಿ ತೆಗೆದ. "ನನಗೆ ಮೂರು ಜನ ಅಕ್ಕಂದಿರು. ಇದು ಒಳ್ಳೇ ಮಾತ್ರೆ. ಇಲ್ಲೇ ನುಂಗಿ, ಅರ್ಧ ಗಂಟೇಲಿ ಹೋಗುತ್ತೆ. ನೀರು ಅಲ್ಲಿದೆ."

ಅಂದಿನಿಂದ ಅವನು ಮಾತ್ರೆಮೇಸ್ತ್ರಿಯಾದ. ಸುಳ್ಳಿನವರಿಗೂ ಮಾತ್ರೆ, ನಿಜದವರಿಗೂ ಮಾತ್ರೆ. ಕುರ್ಚಿಯಲ್ಲಿ ಮಾತ್ರ ಬೇರೆ ಯಾರೂ ಕೂರಲಿಲ್ಲ. ಗಂಡಸರು ಹಿತ್ತಿಲಿಗೆ ಕರೆದರೆ, "ನಾನು ಬೀಡಿ ಸೇದಲ್ಲ, ನೀವೂ ಸೇದ್ಬೇಡಿ" ಎಂದು ಬಾಗಿಲಿಗೆ ಬೀಗ ಹಾಕಿಸಿದ. ಯಾರೂ ಮಾಲೀಕರ ಬಾಗಿಲಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಕೈ ಎತ್ತಿ ಕೇಳಿ ಪಡೆದದ್ದು.

ಅಕ್ಕ ದಿನಾ ನಿಂತಳು. ಬೇಸಗೆ ಬಂತು. ಒಂದು ದಿನ ಹೋಟೆಲಿನ ಮೇಜುಬಟ್ಟೆಗಳ ಗಾಡಿ ತಳ್ಳಿಕೊಂಡು ಬಂದವನು ನೋಡಿದೆ: ಅವಳ ಎಡಗಾಲಿನ ಹತ್ತಿರ ನೆಲದಲ್ಲಿ ಒಂದು ಕೆಂಪು ಚುಕ್ಕೆ, ಅದರ ಪಕ್ಕ ಇನ್ನೊಂದು. ಸೀರೆಯ ಅಂಚು ಒದ್ದೆಯಾಗಿತ್ತು. ಅವಳು ಬಲಗಾಲಿನಿಂದ ಚುಕ್ಕೆಗಳನ್ನು ಒರೆಸಿ ನನ್ನ ಕಡೆ ನೋಡಿದಳು. ಬಾಯಿ ಮುಚ್ಚು ಎಂಬ ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು.

ಆಮೇಲೆ ಕೈಯಲ್ಲಿದ್ದ ಚಾದರದ ತುದಿಯನ್ನು ಕಂಬಿಯ ಮೇಲೆ ಹಾಕಿ, ಕಾಲೆಳೆಯದಂತೆ ಜಾಗ್ರತೆಯಿಂದ ನಡೆದು ಕುರ್ಚಿಯ ಮುಂದೆ ಹೋದಳು. ಕಾಲುನೋವು ಎಂದರೆ ಮನೆಗೆ ಕಳಿಸುವುದು ಒಂದೇ ದಿನಕ್ಕಲ್ಲ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ತನಗಾಗಿ ಜನ್ಮದಲ್ಲಿ ಒಂದು ಸುಳ್ಳೂ ಆಡದ ನಮ್ಮಕ್ಕ ತಲೆ ತಗ್ಗಿಸಿ ನಿಂತಳು.

"ಹೊಟ್ಟೆನೋವು, ಸಾರ್."

ಮಾತ್ರೆಮೇಸ್ತ್ರಿ ಮುಖ ಎತ್ತಲಿಲ್ಲ. ಡಬ್ಬಿ ಮುಂದಕ್ಕೆ ತಳ್ಳಿದ. ಅಕ್ಕ ಒಂದು ತೆಗೆದುಕೊಂಡು, ನೀರಿಗೂ ಹೋಗದೆ ಅಲ್ಲೇ ನುಂಗಿ, ತಿರುಗಿ ಬಂದಳು. ಕೋಣೆಯ ಹೆಂಗಸರೆಲ್ಲ ನೋಡುತ್ತಿದ್ದರು. ಚಾದರದ ಇನ್ನೊಂದು ತುದಿ ಹಿಡಿದಿದ್ದವಳು ಮೆಣಸಿನಕಾಯಿ. ಅವಳ ಬಾಯಿ ತೆರೆಯಿತು. ಈಗ ಕೇಳುತ್ತಾಳೆ, ಯಾವ ಹೊಟ್ಟೆನೋವು ಎಂದು ಕೇಳಿಯೇ ಕೇಳುತ್ತಾಳೆ ಎಂದು ನಾನು ಹಲ್ಲು ಕಚ್ಚಿದೆ.

ಅವಳು ನೆಲ ನೋಡಿದಳು. ಒರೆಸಿದ ಗುರುತು ನೋಡಿದಳು. ಸೋಪಿನ ಖಾಲಿ ಡಬ್ಬವೊಂದನ್ನು ಕಾಲಿನಿಂದ ಎಳೆದು ಬೋರಲು ಹಾಕಿ ಅಕ್ಕನ ಹಿಂದಕ್ಕೆ ತಳ್ಳಿದಳು.

"ಕೂತ್ಕೋ ಅಕ್ಕ. ಅವನು ಈ ಕಡೆ ನೋಡ್ತಿಲ್ಲ."

ಅಕ್ಕ ಕೂತಳು. ಕೂತು ಕೈ ಚಾಚಿದಳು. ರೋಲರಿನ ಬಾಯಿ ಅವಳ ತಲೆಗಿಂತ ಮೇಲಿತ್ತು. ಮುಂದಿನ ಕಂಬಿಗೆ ಬೆರಳು ತಾಗಿತೇ ಹೊರತು ಚಾದರ ಒಳಗೆ ಹೋಗಲಿಲ್ಲ.

"ಎಟಕಲ್ಲ ಕಣೆ" ಎಂದಳು.

"ಒಂದು ಗಳಿಗೆ ಕೂತಿರು. ಎರಡೂ ತುದಿ ನಾನೇ ಬಿಡ್ತೀನಿ."

"ಒಬ್ಬಳೇ ಬಿಟ್ರೆ ಸುಕ್ಕು ಬೀಳುತ್ತೆ. ಅವನು ನೋಡ್ತಾನೆ."

ಅಕ್ಕ ಕಂಬಿ ಹಿಡಿದು ಎದ್ದು ನಿಂತಳು. ಚಾದರ ನೆಟ್ಟಗೆ ಒಳಗೆ ಹೋಯಿತು. ನಾನು ಗಾಡಿ ತಳ್ಳಿದೆ. ಅವತ್ತು ಅದರಲ್ಲಿ ಇದ್ದದ್ದು ಒಂದು ಗಾಡಿ ಬಟ್ಟೆ, ಅಷ್ಟೆ.