ಅರ್ಥವಾಗುವಂತೆ ಬರೆದವಳು

ಚಹಾ ಕುದಿ ಬಂದಾಗ ಅವಳು ಸಕ್ಕರೆಗೆ ಕೈ ಚಾಚಿದಳು. ಯಾರನ್ನೂ ಕೇಳಬೇಕಾಗಲಿಲ್ಲ. ಪ್ರತಿ ಡಬ್ಬದ ಮೇಲೂ ಸತ್ತವಳ ದುಂಡನೆಯ ಅಕ್ಷರದ ಚೀಟಿಯಿತ್ತು. ಹೊರಗೆ ಜನ ಶವದ ಗಾಡಿಗೆ ಕಾಯುತ್ತಿದ್ದರು.

ಒಂಬತ್ತು ವರ್ಷ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಸತ್ತವಳನ್ನು ಇವಳು ಅಕ್ಕ ಎಂದೇ ಕರೆಯುತ್ತಿದ್ದಳು.

ಅಕ್ಕನ ಗಂಡ ಬಾಗಿಲಲ್ಲಿ ನಿಂತರು. "ಎಲ್ಲಾ ಸಿಕ್ತೇನಮ್ಮ?"

"ಸಿಕ್ತು ಭಾವ."

"ಸಿಗದೆ ಏನು. ತಾನಿಲ್ಲ ಅಂತ ಒಂದು ಲೋಟಾನೂ ಹುಡುಕೋ ಹಾಗಿಲ್ಲ, ಹಾಗೆ ಮಾಡಿಟ್ಟು ಹೋಗಿದ್ದಾಳೆ."

ಹೊಗಳಿದರೋ ದೂರಿದರೋ ತಿಳಿಯಲಿಲ್ಲ.

\*

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಇಪ್ಪತ್ತು ಸಾಲಿನ ಕಂಪ್ಯೂಟರ್ ಕೋಡನ್ನು ಒಂದೇ ಸಾಲಿಗೆ ಹೆಣೆದು ಬೀಗಿದ್ದಳು.

"ಭಾರೀ ಜಾಣೆ ಕಣೇ," ಅಕ್ಕ ನಕ್ಕಿದ್ದಳು. "ಮುಂದೆ ಇದು ಕೆಟ್ಟಾಗ ಓದೋರು ಯಾರು?"

"ನಾನೇ."

"ಅವತ್ತು ನಿನಗೆ ಜ್ವರ ಇರುತ್ತೆ, ಮಗು ಅಳ್ತಿರುತ್ತೆ. ಅಂಥವಳಿಗೂ ಅರ್ಥವಾಗೋ ಹಾಗೆ ಬರಿ."

ಔಷಧ ವಿತರಣೆಗೆ ಅಕ್ಕ ಬರೆದ ಪ್ರೋಗ್ರಾಂ ಒಮ್ಮೆಯೂ ಕೈಕೊಡಲಿಲ್ಲ. ಎದುರು ಸಾಲಿನ ಕನ್ನಡಕದವನು ಬರೆದದ್ದು ವಾರಕ್ಕೊಮ್ಮೆ ಮಕಾಡೆ ಮಲಗುತ್ತಿತ್ತು. ಅದರ ತಲೆಬುಡ ಅವನಿಗಲ್ಲದೆ ಇನ್ನಾರಿಗೂ ತಿಳಿಯದು. ಅವನು ಓಡಿ ಬಂದು ಎಬ್ಬಿಸಿದಾಗಲೆಲ್ಲ ಚಪ್ಪಾಳೆ. ಕೊನೆಗೆ ಮುಖ್ಯಸ್ಥನ ಕುರ್ಚಿಯೂ ಅವನಿಗೇ ಸಿಕ್ಕಿತು.

\*

ಗಾಡಿ ಹೊರಟ ಮೇಲೆ ಆ ಮುಖ್ಯಸ್ಥ ಗೇಟಿನ ಬಳಿ ಅವಳನ್ನು ತಡೆದ.

"ಪಾಪ, ಒಳ್ಳೆ ಹೆಂಗಸು. ತಲೆಬಿಸಿಯಿಲ್ಲದ ಕೆಲಸ ಇತ್ತು ಅವರಿಗೆ."

"ಅವರ ಜಾಗಕ್ಕೆ ಯಾರು ಬರ್ತಾರೆ ಸಾರ್?"

"ಯಾರು ಯಾಕಮ್ಮ? ಎಲ್ಲಾ ಸಲೀಸಾಗಿ ಬರೆದಿಟ್ಟಿದ್ದಾರೆ, ನೀನೇ ನೋಡ್ಕೋ." ಆಮೇಲೆ ತಮಾಷೆಯೆಂಬಂತೆ ಸೇರಿಸಿದ, "ನಿನ್ನ ಹೊಸ ಪ್ರೋಗ್ರಾಮೂ ಹಾಗೇ ಇದೆಯಂತಲ್ಲ, ಯಾರು ಬೇಕಾದ್ರೂ ನಡೆಸಬಹುದಂತೆ. ಅದೊಂದು ಮುಗೀಲಿ, ನಿನ್ನ ಹುದ್ದೆ ಬೇಕೋ ಬೇಡ್ವೋ ನೋಡೋಣ."

ಅವಳೂ ನಕ್ಕಳು. ನಗದೆ ಇರಲು ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದಳು. ಅದೇ ಹೊಸ ಪ್ರೋಗ್ರಾಂ, ವಾರ್ಡಿನ ಹಾಸಿಗೆ ಹಂಚುವಂಥದು. ಮುಂದೆ ಓದುವವರಿಗೆಂದು ಅಲ್ಲಲ್ಲಿ ಸೂಚನೆ ಬರೆದಿದ್ದಳು: 'ಹಾಸಿಗೆ ತಪ್ಪಾಗಿ ಖಾಲಿ ತೋರಿಸಿದರೆ ಮೊದಲು ಇಲ್ಲಿ ನೋಡಿ.' ಎರಡು ನಿಲ್ದಾಣ ದಾಟಿದರೂ ಬೆರಳು ಅಲುಗಲಿಲ್ಲ. ಆಮೇಲೆ ಆ ಸಾಲನ್ನು ಅಳಿಸಿದಳು. ಅದರ ಕೆಳಗಿನದನ್ನೂ.

ಪಕ್ಕದ ಸೀಟಿನ ಹೆಂಗಸು ಬಗ್ಗಿ ನೋಡಿದಳು. "ಅಯ್ಯೋ, ಅಳ್ತಿದೀರಲ್ಲ. ಯಾರಾದ್ರೂ ತೀರಿಕೊಂಡ್ರಾ?"

"ನಮ್ಮಕ್ಕ," ಎಂದಳು, ಅಳಿಸುವುದನ್ನು ನಿಲ್ಲಿಸದೆ.