ಶೇಕಬ್ಬನ ಹಗ್ಗದಲ್ಲಿ ಹೆಲ್ಮೆಟ್‌ಗಳು

ಕಾಪುವಿನ ಶಾಲೆಗೆ ಸೈಕಲ್‌ನಲ್ಲಿ ಬರುವ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯವಾದದ್ದು ಹರ್ಷಿಣಿ ಟೀಚರ್ ಹಟದಿಂದ. ಊರಿನವರಿಗೆ ಅದು ಸಮಾಜಸೇವೆಯಾಗಿ ಕಂಡಿತು. ಆಕೆಗೆ ಉಳಿಸಬೇಕಾಗಿದ್ದದ್ದು ಒಂದೇ ತಲೆ, ಮಗಳು ಆಶ್ರಿತಾಳದ್ದು.

ಮಟ್ಟುವಿನಲ್ಲಿ ಅವರ ಪಕ್ಕದ ಮನೆಯ ಲಕ್ಷಿತ್ ಮೋರಿಯ ಹತ್ತಿರ ಸೈಕಲ್‌ನಿಂದ ಬಿದ್ದು, ತಲೆಗೆ ಪೆಟ್ಟಾಗಿ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದ. ಈಗ ಒಂದು ಮಾತು ಹೊರಡಬೇಕಾದರೂ ಅವನ ಬಾಯಿ ತಡಕಾಡುತ್ತಿತ್ತು. ಬೇಲಿಯಾಚೆಯ ಆ ಮಾತು ಕೇಳಲಾಗದೆ ಹರ್ಷಿಣಿ ಉಡುಪಿಯಿಂದ ಮಗಳಿಗೆ ನೀಲಿ ಹೆಲ್ಮೆಟ್ ತಂದಳು.

"ನಾನೊಬ್ಬಳೇ ಹಾಕಿದರೆ ಎಲ್ಲ ನಗಾಡ್ತಾರೆ" ಎಂದು ಆಶ್ರಿತಾ ಅದನ್ನು ಮುಟ್ಟಲಿಲ್ಲ.

ಹಾಗಾದರೆ ಎಲ್ಲರೂ ಹಾಕಲಿ ಎಂದು ತಾಯಿ ಮುಖ್ಯೋಪಾಧ್ಯಾಯ ಡೊಮಿನಿಕ್ ಸರ್ ಬೆನ್ನು ಹತ್ತಿದಳು. ನಿಯಮ ಬಂತು. ಗೇಟಿನಲ್ಲಿ ವಾಚ್‌ಮನ್ ನಿಂತ. ಬರಿತಲೆಯ ಒಂದು ಮಗುವೂ ಒಳಗೆ ಬರಲಿಲ್ಲ. ಬೆಳಿಗ್ಗೆ ಮಗಳಿಗಿಂತ ಮೊದಲು ಹೊರಡುವ ಹರ್ಷಿಣಿ, ಹೆಲ್ಮೆಟ್ ಎಲ್ಲಿ ಎಂದು ಕೇಳಿದರೆ ಮಗಳು "ಸೈಕಲ್‌ನಲ್ಲಿ ಉಂಟು" ಎನ್ನುತ್ತಿದ್ದಳು. ಕಾರ್ಕಳದ ತಮ್ಮ ಶಾಲೆಗೂ ಇದನ್ನೇ ತರುತ್ತೇವೆಂದು ಆಡಳಿತ ಮಂಡಳಿಯವರು ಹರ್ಷಿಣಿಗೆ ಶಾಲು ಹೊದಿಸಿದರು.

ಅದೇ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಆಕೆ ಸೋಡಾ ಕುಡಿಯಲು ಗೇಟಿನೆದುರಿನ ಶೇಕಬ್ಬನ ಅಂಗಡಿಗೆ ಹೋದಳು. ಬಾಳೆಗೊನೆಯ ಹಿಂದೆ ಹಗ್ಗ ಕಟ್ಟಿತ್ತು. ಹಗ್ಗದ ತುಂಬ ಹೆಲ್ಮೆಟ್‌ಗಳು.

"ಇದೆಂತ ಶೇಕಬ್ಬಣ್ಣ, ಹೆಲ್ಮೆಟ್ ವ್ಯಾಪಾರವೂ ಶುರುವಾ?"

"ವ್ಯಾಪಾರ ಎಂತದ್ದು ಟೀಚರ್, ನಿಮ್ಮ ಮಕ್ಕಳದ್ದೇ. ಸಂಜೆ ಇಲ್ಲಿ ಬಿಟ್ಟು ಹೋಗ್ತಾರೆ, ಬೆಳಿಗ್ಗೆ ಹಾಕ್ಕೊಂಡು ಒಳಗೆ ಹೋಗ್ತಾರೆ. ಮನೆಯಲ್ಲಿ ಮರೆತರೆ ನೀವು ಗೇಟಿನಲ್ಲಿ ನಿಲ್ಲಿಸ್ತೀರಲ್ವಾ, ಪಾಪ." ಶೇಕಬ್ಬನ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿಯಿತ್ತು. "ಬಸ್ಸಿಗೆ ಹೋಗುವವರು ಕೊಡೆ, ಮೀನಿನ ಚೀಲ ಎಲ್ಲ ಇಲ್ಲೇ ಬಿಡುವುದು. ಒಂದೂ ಕಳೆದದ್ದಿಲ್ಲ."

ತುದಿಯಲ್ಲಿ ನೀಲಿಯದೊಂದಿತ್ತು. ಒಳಗೆ ನೇಲ್‌ಪಾಲಿಶ್‌ನಲ್ಲಿ ಆಕೆಯೇ ಬರೆದ ಮಗಳ ಹೆಸರು. ಮೂಸಿ ನೋಡಿದಳು. ಬೆವರಿನ ವಾಸನೆ ಇರಲಿಲ್ಲ. ಉಡುಪಿಯಿಂದ ತಂದ ದಿನದ ಪ್ಲಾಸ್ಟಿಕ್ ವಾಸನೆಯೇ ಇತ್ತು.

ಅದನ್ನು ಹಿಡಿದುಕೊಂಡೇ ಡೊಮಿನಿಕ್ ಸರ್ ಹತ್ತಿರ ಹೋದಳು. ಅವರು ಬೀಗದ ಕೈ ತಿರುಗಿಸುತ್ತಾ ಎಲ್ಲ ಕೇಳಿಸಿಕೊಂಡು ಹೇಳಿದರು.

"ಗೇಟಿನ ಹೊರಗಿನದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಟೀಚರ್. ಶಾಲು ಹೊದ್ದ ದಿನವೇ ಇದನ್ನೆಲ್ಲ ಎತ್ತುವುದು ಬೇಡ."

ಮನೆಯಲ್ಲಿ ಆಶ್ರಿತಾ ನೀಲಿ ಹೆಲ್ಮೆಟ್ ನೋಡಿಯೂ ಗಾಬರಿಯಾಗಲಿಲ್ಲ.

"ಗೇಟಿನಲ್ಲಿ ಹಾಕ್ತೇನಲ್ಲ."

"ಗೇಟಿನಲ್ಲಿ ಯಾರು ಬೀಳ್ತಾರೆ? ಲಕ್ಷಿತ್ ಬಿದ್ದದ್ದು ಗೇಟಿನಲ್ಲಾ?"

"ನೀನೂ ಹೈವೇ ಬಂದ ಮೇಲೆ ಅಲ್ವಾ ಹಾಕುವುದು? ಪೊಲೀಸ್ ಕಾಣುವವರೆಗೆ ನಿನ್ನದು ಸ್ಕೂಟರ್‌ನ ಕೊಕ್ಕೆಯಲ್ಲಿ."

ಹೊಡೆಯಬೇಕೆನಿಸಿತು. ಮಗಳು ಈಗ ಹೇಳಿದ್ದರಲ್ಲಿ ಹೊಡೆಯಲು ಸುಳ್ಳೊಂದೂ ಸಿಗಲಿಲ್ಲ.

ಮರುದಿನ ಹರ್ಷಿಣಿ ಅಂಗಳದಲ್ಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಳು. ಆಶ್ರಿತಾ ಒಮ್ಮೆ ನೋಡಿ, ತಾನೂ ಹಾಕಿ ಮುಂದೆ ಹೊರಟಳು. ಸ್ಕೂಟರ್ ಮೊದಲ ತಿರುವು ದಾಟುವಷ್ಟರಲ್ಲಿ ನೀಲಿ ಹೆಲ್ಮೆಟ್ ಹ್ಯಾಂಡಲ್‌ನಲ್ಲಿ ತೂಗುತ್ತಿತ್ತು.

ತಾಯಿ ಪಕ್ಕಕ್ಕೆ ಬಂದಳು. "ಹಾಕು."

"ಗೇಟು ಇನ್ನೂ ದೂರ ಉಂಟಲ್ಲ."

"ಹಾಕು ಅಂದೆ."

ಹಾಕಿದಳು. ತಾನು ಮುಂದೆ ಹೋಗಿಬಿಟ್ಟರೆ ಅದು ಮತ್ತೆ ಹ್ಯಾಂಡಲ್‌ಗೆ ಬರುತ್ತದೆಂದು ಗೊತ್ತಿದ್ದುದರಿಂದ ಹರ್ಷಿಣಿ ಸೈಕಲ್‌ನ ಹಿಂದೆಯೇ, ಸೈಕಲ್‌ನ ವೇಗದಲ್ಲೇ ಸ್ಕೂಟರ್ ಬಿಟ್ಟಳು. ಹೆಲ್ಮೆಟ್‌ನೊಳಗೆ ತಲೆ ತುರಿಸುತ್ತಿತ್ತು. ಬರಿತಲೆಯ ಮಕ್ಕಳು ಇಬ್ಬರನ್ನೂ ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು, ಶೇಕಬ್ಬನ ಅಂಗಡಿಯ ಕಡೆ ಪೆಡಲ್ ತುಳಿದರು. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು.

"ನಾಳೆಯೂ ಹೀಗೇ ಬರ್ತೀಯಾ?" ಆಶ್ರಿತಾ ಹಿಂತಿರುಗದೆ ಕೇಳಿದಳು.

ಹರ್ಷಿಣಿ ಕೈಗಡಿಯಾರ ನೋಡಿದಳು. ನಾಳೆ ಆಕೆಗೆ ಮೊದಲ ಪಿರಿಯಡ್ ಇತ್ತು, ಗಂಟೆಗೆ ಮೊದಲೇ ತಲುಪಬೇಕಿತ್ತು.