ಎದ್ದು ನಿಂತು ಫೋನೆತ್ತುವವನು

ಫೋನು ಬಂದರೆ ಎಲ್ಡನ್ ಪ್ರೊಚಾಸ್ಕ ಎದ್ದು ನಿಲ್ಲುತ್ತಿದ್ದ. ಸುಮ್ಮನೆ ನಿಲ್ಲುವುದಲ್ಲ, ಟೋಪಿ ತೆಗೆದು ಎಡಗೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಆಮೇಲೆ "ಎಲ್ಡನ್ ಮಾತಾಡ್ತಿರೋದು" ಎನ್ನುತ್ತಿದ್ದ. ತಟ್ಟೆಯಲ್ಲಿ ಊಟ ಅರ್ಧ ಉಳಿದಿರಲಿ, ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿರಲಿ, ತೆವಳಿಕೊಂಡು ಹೊರಬಂದು ನೆಟ್ಟಗೆ ನಿಂತ ಮೇಲೆಯೇ ಉತ್ತರ. ನೆಬ್ರಾಸ್ಕಾ ರಾಜ್ಯದ ನಮ್ಮ ಜೆರಿಂಗ್ ಊರಿನ ಹೋಟೆಲಿನಲ್ಲಿ ಇದನ್ನು ಕಂಡು ನಗದವರಿರಲಿಲ್ಲ. ನಾನೂ ನಕ್ಕವಳೇ. ಒಮ್ಮೆ ಕೇಳಿಯೇಬಿಟ್ಟೆ, ಫೋನಿನಲ್ಲಿರುವವರಿಗೆ ನೀನು ಕಾಣಿಸುತ್ತೀಯೇನೋ ಎಂದು.

"ನನ್ನನ್ನ ಹುಡುಕ್ಕೊಂಡು ಯಾರೋ ಬಂದಿದಾರೆ, ವಿಲ್ಮಾ ಅವರೇ. ಕೂತೇ ಇರೋದಾ?" ಎಂದ.

ಇಪ್ಪತ್ತೆರಡು ವರ್ಷ ನನ್ನದು ಒಂದೇ ಕಸುಬು: ಲಾರಿಯವರಿಗೆ ಸರ್ಕಾರದ ಅರ್ಜಿ ತುಂಬಿಕೊಡುವುದು. ಮುಖ್ಯರಸ್ತೆಯಲ್ಲಿ ಕ್ಷೌರದಂಗಡಿಯ ಪಕ್ಕ ಒಂದು ಕೋಣೆ, ಎರಡು ಕುರ್ಚಿ, ಒಂದು ಕಾಫಿ ಯಂತ್ರ. ಅಲ್ಲಿಗೆ ಎಲ್ಡನ್ ಬರುವುದನ್ನು ಕಿಟಕಿಯಿಂದಲೇ ಗುರುತಿಸಬಹುದಿತ್ತು. ಕ್ಲಚ್ ತುಳಿದು ತುಳಿದು ಬಿಗಿದ ಎಡಗಾಲನ್ನು ಮೊದಲು ಇಟ್ಟು, ಬಲಗಾಲನ್ನು ಅದರ ಹಿಂದೆ ಕರೆತರುವ ನಡಿಗೆ. ಮೈಮೇಲೆ ಕಂದು ಬಣ್ಣದ ಕ್ಯಾನ್ವಾಸ್ ಕೋಟು. ಅದರ ಬೆನ್ನಿನ ಮೇಲೆ ಒಂದು ಕಾಲಕ್ಕೆ ಹೊಲಿದಿದ್ದ ಕಂಪನಿಯ ಹೆಸರನ್ನು ಅವನೇ ಬ್ಲೇಡಿನಿಂದ ಬಿಚ್ಚಿದ್ದ. ದಾರ ಹೋಗಿತ್ತು, ಅಕ್ಷರಗಳಿದ್ದ ಕಡೆ ಬಟ್ಟೆ ಮಾತ್ರ ಬಿಸಿಲು ಕಾಣದೆ ಗಾಢವಾಗಿ ಉಳಿದಿತ್ತು. ಅವನು ಮರಳಿ ಹೋಗುವಾಗ ಆ ಹೆಸರನ್ನು ಇನ್ನೂ ಓದಬಹುದಿತ್ತು.

ಇಪ್ಪತ್ತೇಳು ವರ್ಷ ಅವನು ನಾಲ್ಕು ಕಂಪನಿಗಳ ಪರವಾನಗಿಯ ನೆರಳಿನಲ್ಲಿ ಓಡಿದವನು. ಲಾರಿ ಅವನದೇ, ಬಾಗಿಲ ಮೇಲಿನ ಹೆಸರು ಮಾತ್ರ ಪರರದು. ನಮ್ಮ ಕಡೆ ಮುಕ್ಕಾಲುಪಾಲು ಜನರ ಬಾಳುವೆ ಇದೇ. ಕಂಪನಿಯವರು ಅವನನ್ನು ಕರೆಯುತ್ತಿದ್ದುದು ಲಾರಿಯ ನಂಬರಿನಿಂದ, ನಾನೂರ ಹದಿನೇಳು ಎಂದು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ಅಕ್ಕ ಮಾರ್ವೆಲ್ ತೀರಿಕೊಂಡ ದಿನ ಅವನು ಯೂಟಾದ ಯಾವುದೋ ಗೋದಾಮಿನ ಮುಂದೆ ಇದ್ದ. ಧ್ವನಿವರ್ಧಕದಲ್ಲಿ ಕೂಗಿದರಂತೆ, ನಾನೂರ ಹದಿನೇಳು ಮನೆಗೆ ಫೋನ್ ಮಾಡಬೇಕು ಎಂದು. ಅದನ್ನು ಹೇಳುವಾಗ ಅವನಿಗೆ ಕೋಪವೇನೂ ಇರಲಿಲ್ಲ. ಕೋಪ ಬಂದದ್ದು ನನಗೆ.

ಅರವತ್ತು ತುಂಬಿದ ವಾರ ನನ್ನ ಮುಂದೆ ಕುಳಿತು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಹೇಳಿದ: "ಸಾಯೋದ್ರೊಳಗೆ ಬಾಗಿಲ ಮೇಲೆ ನನ್ನ ಹೆಸರು ನೋಡ್ಬೇಕು."

ರಾಜ್ಯದಿಂದ ರಾಜ್ಯಕ್ಕೆ ಪರರ ಸರಕು ಸಾಗಿಸಲು ಫೆಡರಲ್ ಸರ್ಕಾರದ ಪರವಾನಗಿ ಬೇಕು. ಅರ್ಜಿ ಹಾಕಿದೆವು. ಸಂಖ್ಯೆ ಬಂತು, ಆದರೆ ಸಂಖ್ಯೆ ಬಂದ ಮಾತ್ರಕ್ಕೆ ಪರವಾನಗಿ ಜೀವ ತಳೆಯುವುದಿಲ್ಲ. ವಿಮೆಯವರು ತಮ್ಮ ಕಾಗದ ಸಲ್ಲಿಸಬೇಕು, ಕೋರ್ಟಿನ ನೋಟೀಸು ಬಂದರೆ ಪಡೆದುಕೊಳ್ಳಲು ಪ್ರತಿ ರಾಜ್ಯದಲ್ಲೂ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು, ಯಾರದಾದರೂ ತಕರಾರಿದೆಯೇ ಎಂದು ಕೆಲವು ದಿನ ಕಾಯಬೇಕು. ಇವನಿಗೆ ತಕರಾರು ಮಾಡುವಷ್ಟು ಹತ್ತಿರದವರು ಯಾರಿದ್ದರು! ಪರವಾನಗಿ ಚಾಲ್ತಿಗೆ ಬಂದ ಬೆಳಿಗ್ಗೆ ಬಣ್ಣದವನನ್ನು ಕರೆಸಿ, ಅಂಟಿಸುವ ಅಕ್ಷರ ಬೇಡವೆಂದು ಹಟ ಹಿಡಿದು, ಎರಡೂ ಬಾಗಿಲ ಮೇಲೆ ಕುಂಚದಿಂದಲೇ ಬರೆಸಿದ: ಎಲ್ಡನ್ ಪ್ರೊಚಾಸ್ಕ, ಜೆರಿಂಗ್, ನೆಬ್ರಾಸ್ಕಾ. ಬಣ್ಣ ಒಣಗುವವರೆಗೆ ಮಡಚುವ ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತಿದ್ದ.

ಆಮೇಲೆ ಶುರುವಾಯಿತು ಫೋನು. ಹೊಸ ಪರವಾನಗಿದಾರರ ಹೆಸರು, ನಂಬರು ಎಲ್ಲರೂ ನೋಡುವ ಪಟ್ಟಿಗೆ ಸೇರುತ್ತದೆ. ವಿಮೆ ಮಾರುವವರು, ಇಂಧನದ ಕಾರ್ಡು ಮಾರುವವರು, ಇಲ್ಲದ ದಂಡದ ಭಯ ಹುಟ್ಟಿಸುವವರು ಇರುವೆಗಳಂತೆ ಮುತ್ತಿಕೊಳ್ಳುತ್ತಾರೆ. ಬೇರೆಯವರು ಎರಡನೆಯ ದಿನಕ್ಕೆ ಬೈದು ಫೋನಿಡುತ್ತಾರೆ. ಎಲ್ಡನ್ ದಿನಕ್ಕೆ ಐವತ್ತು ಸಲ ಲಾರಿ ನಿಲ್ಲಿಸಿ, ಇಳಿದು, ಟೋಪಿ ತೆಗೆದ. ನಿಮ್ಮಲ್ಲಿ ಮಳೆಯೇ, ನಿಮ್ಮ ಊಟವಾಯಿತೇ ಎಂದು ಅವರನ್ನೇ ವಿಚಾರಿಸಿದ. ಫ್ಲೋರಿಡಾದ ಒಬ್ಬಾಕೆಯ ಬೆಕ್ಕಿಗೆ ಕಾಯಿಲೆಯಾಗಿತ್ತಂತೆ. ಅದು ಚೇತರಿಸಿಕೊಂಡದ್ದನ್ನು ನನ್ನ ಅಂಗಡಿಗೆ ಬಂದು ವರದಿ ಮಾಡಿದ. "ಎಲ್ಲಾರೂ ಮಿಸ್ಟರ್ ಪ್ರೊಚಾಸ್ಕ ಅಂತಾರೆ, ವಿಲ್ಮಾ ಅವರೇ," ಎಂದು ತಲೆ ತಗ್ಗಿಸಿ ನಕ್ಕ.

ಆದರೆ ಈ ಮಾತುಕತೆಯಲ್ಲಿ ಎರಡು ಸಲ ಸಕ್ಕರೆ ಮೂಟೆ ತುಂಬುವ ಹೊತ್ತು ತಪ್ಪಿ, ಕಾರ್ಖಾನೆಯವರು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದರು. ನನಗೆ ರೇಗಿತು. ಹೆಸರು ಬರೆಸಿಕೊಂಡದ್ದು ಲಾರಿ ಓಡಿಸಲಿಕ್ಕೋ, ಹರಟಲಿಕ್ಕೋ ಎಂದು ಗದರಿ, ಫೋನು ಕಿತ್ತುಕೊಂಡು, ಅದರಲ್ಲಿ ಉಳಿಸಿಟ್ಟ ನಂಬರುಗಳು ಬಿಟ್ಟು ಬೇರಾವುದೂ ಸದ್ದು ಮಾಡದಂತೆ ಮಾಡಿಟ್ಟೆ. ಆ ಪಟ್ಟಿಯಲ್ಲಿ ಇದ್ದದ್ದು ಐದೇ ನಂಬರು. ಕಾರ್ಖಾನೆಯದು, ಟೈರಿನವನದು, ಹಲ್ಲಿನ ವೈದ್ಯರದು, ನನ್ನದು, ಐದನೆಯದು ಮಾರ್ವೆಲಳದು. ಅದನ್ನು ನೋಡಿಯೂ ನಾನು ಕೈ ತಡೆಯಲಿಲ್ಲ. ಇನ್ನೂ ಸಾಲದೆಂಬಂತೆ, ಸರ್ಕಾರದ್ದರಂತೆ ಹದ್ದಿನ ಮುದ್ರೆ ಹೊತ್ತು ಬರುವ ಕಾಗದವೆಲ್ಲ ಈ ಮಾರುವವರ ಆಟ, ಒಡೆಯದೆ ಒಲೆಗೆ ಹಾಕು ಎಂದೂ ಹೇಳಿದೆ.

ಅವನು ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು.

ಮೊದಲ ವರ್ಷದೊಳಗೆ ಸರ್ಕಾರದ ತನಿಖಾಧಿಕಾರಿ ದಾಖಲೆ ನೋಡುತ್ತಾನೆ ಎಂದು ನಾನೇ ಹೇಳಿದ್ದೆ. ಆ ಅಧಿಕಾರಿಯ ನಂಬರು ಆ ಐದರಲ್ಲಿಲ್ಲ, ಅವನ ಕಾಗದಕ್ಕೂ ಹದ್ದೇ ಮುದ್ರೆ ಎಂಬುದು ಮಾತ್ರ ಇಪ್ಪತ್ತೆರಡು ವರ್ಷದ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಫೋನು ಸದ್ದಿಲ್ಲದೆ ಬಂದು ಹೋಯಿತು, ಕಾಗದ ಒಲೆ ಸೇರಿತು, ಗಡುವು ಮೀರಿತು. ವಯೋಮಿಂಗ್ ಗಡಿಯಲ್ಲಿ ಲಾರಿ ತೂಗಿ ಕಾಗದ ನೋಡುವ ಕಟ್ಟೆಯಲ್ಲಿ ಅವನನ್ನು ನಿಲ್ಲಿಸಿ, ನಿಮ್ಮ ಪರವಾನಗಿ ರದ್ದಾಗಿ ಒಂಬತ್ತು ದಿನವಾಯಿತು ಎಂದರು. ಅಲ್ಲಿಯವರು ಮರ್ಯಾದೆಯಿಂದಲೇ ಹೇಳಿದರಂತೆ. ಸಕ್ಕರೆಯನ್ನು ಬೇರೊಂದು ಲಾರಿಗೆ ಏರಿಸುವುದನ್ನು ಇವನು ಕೋಟಿನ ಜೇಬಿನಲ್ಲಿ ಕೈಯಿಟ್ಟು ನೋಡುತ್ತ ನಿಂತ.

ಮಾರನೆಯ ದಿನ ಬೂಟಿನ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಒಳಗೆ ಒಂದೊಂದು ದಿನದ ಓಟದ ದಾಖಲೆ, ರಿಪೇರಿ ಚೀಟಿ, ರಕ್ತದೊತ್ತಡದ ವರದಿ, ತಾರೀಖಿನ ಪ್ರಕಾರ ರಬ್ಬರ್ ಬ್ಯಾಂಡು ಹಾಕಿ ಇಟ್ಟಿದ್ದ. ಒಂದು ಹಾಳೆಯೂ ಕಡಿಮೆಯಿರಲಿಲ್ಲ. ಅಧಿಕಾರಿ ಬಂದಿದ್ದರೆ ಒಂದು ಗಂಟೆಯ ಕೆಲಸ. ತಪ್ಪು ನನ್ನದು, ನಾನೇ ನಿನ್ನ ಬಾಗಿಲು ಹಾಕಿದೆ ಎಂದು ಅತ್ತುಬಿಟ್ಟೆ. ಅವನು ಕಾಫಿ ತಂದುಕೊಟ್ಟು, "ಬೈಯೋಕೆ ಆದ್ರೂ ನೀವಿದ್ರಲ್ಲ," ಎಂದ.

ಮತ್ತೆ ಅರ್ಜಿ ಹಾಕಲು ಮೂವತ್ತು ದಿನ ಕಾಯಬೇಕು. ಈ ಮೂವತ್ತು ದಿನ ಅವನು ಅಂಗಳದಲ್ಲಿ ನಿಂತ ಲಾರಿಯ ಬಾಗಿಲುಗಳನ್ನು ದಿನವೂ ಒರೆಸುತ್ತಾನೆ. ಫೋನನ್ನು ನಾನು ಮೊದಲಿನಂತೆ ಮಾಡಿಕೊಟ್ಟಿದ್ದೇನೆ. ಆದರೆ ಪಟ್ಟಿಯಿಂದ ಹೆಸರು ಹೋದವನಿಗೆ ಮಾರುವವರೂ ಫೋನು ಮಾಡುವುದಿಲ್ಲ.

ಹೆದ್ದಾರಿಯ ಜನ ಏಕಾಂತವನ್ನು ಪ್ರೀತಿಸುತ್ತಾರೆಂದು ಊರಲ್ಲಿ ಕುಳಿತವರು ಹೇಳಿಕೊಂಡು ಬಂದಿದ್ದಾರೆ, ನಾನೂ ಹೇಳಿದವಳು. ಸುಳ್ಳು. ಸಾವಿರಾರು ಮೈಲಿ ಒಬ್ಬರೇ ಓಡುವವರು ಬಾಗಿಲ ಮೇಲೆ ಹೆಸರು ಬರೆಸುವುದು ಗರ್ವಕ್ಕಲ್ಲ. ಹಾದುಹೋಗುವವರು ಯಾರಾದರೂ ಓದಿ ಒಮ್ಮೆ ಕರೆದಾರೆಂಬ ಆಸೆಗೆ. ಅದಕ್ಕೇ ಈಗ ಪ್ರತಿ ಮಧ್ಯಾಹ್ನ ಅಂಗಡಿಯಿಂದ ಫೋನು ಮಾಡಿ, ಮಿಸ್ಟರ್ ಪ್ರೊಚಾಸ್ಕ ಇದ್ದಾರೆಯೇ ಎಂದು ಕೇಳುತ್ತೇನೆ. ಅತ್ತ ಕಡೆಯಿಂದ ಮೊದಲು ಕೇಳುವುದು ಕುರ್ಚಿ ಹಿಂದಕ್ಕೆ ಸರಿದ ಸದ್ದು.